ಮಿತಿ ಯಾರಿಗೆ, ವಸ್ತುವಿಗೋ ಒಡೆಯನಿಗೋ?

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಮಂತ್ರಿ ರೇಚರಸನು ಕ್ರಿ.ಶ. 1220ರಲ್ಲಿ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. 'ವಸುಧೈಕಬಾಂಧವ' ಎಂಬುದು ಆತನ ಬಿರುದು. ಸಹಸ್ರಕೂಟವೆಂದರೆ ಸಾವಿರದ ಲೆಕ್ಕದ ಸಣ್ಣ ಜಿನಬಿಂಬಗಳನ್ನು ಒಂದೇ ರಚನೆಯಲ್ಲಿ ಸಾಲುಸಾಲಾಗಿ ನಿಲ್ಲಿಸುವ ಕ್ರಮ. ಅವುಗಳಲ್ಲಿ ಮೊದಲನೆಯದು ಯಾವುದು, ಕೊನೆಯದು ಯಾವುದು ಎಂದು ಕೇಳುವ ಭಕ್ತನಿಲ್ಲ. ಸಾವಿರವಾದುದರಿಂದ ಒಂದೊಂದರ ಬೆಲೆ ಸಾವಿರದಲ್ಲಿ ಒಂದು ಪಾಲಾಯಿತೆಂದು ಯಾರಿಗೂ ತೋರಿಲ್ಲ.

ಇಂದಿನ ಕಲಾಪೇಟೆಯಲ್ಲಿ ಈ ಗಣಿತ ತಿರುಗುಮುರುಗಾಗಿದೆ. ಅಮೆರಿಕದ ಕಲಾವಿದ ಜೆಫ್ ಕೂನ್ಸ್, ಜಾತ್ರೆಗಳಲ್ಲಿ ಮಕ್ಕಳಿಗೆ ಬಲೂನು ತಿರುಚಿ ಮಾಡಿಕೊಡುವ ನಾಯಿಯ ಆಕೃತಿಯನ್ನೇ ಶಿಲ್ಪವಾಗಿಸಿ ಪ್ರಸಿದ್ಧನಾದವನು. ಅದರ ನೀಲಿ ಬಣ್ಣದ ಪಿಂಗಾಣಿ ರೂಪ ಸುಮಾರು 40 ಸೆಂಟಿಮೀಟರ್ ಎತ್ತರದ್ದು. ಒಟ್ಟು 799 ಪ್ರತಿಗಳು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಇದನ್ನೇ 'ಲಿಮಿಟೆಡ್ ಎಡಿಷನ್' ಎನ್ನುತ್ತಾರೆ. 2023ರ ಫೆಬ್ರವರಿಯಲ್ಲಿ ಮಯಾಮಿ ನಗರದ ಕಲಾಮೇಳವೊಂದರಲ್ಲಿ, 42,000 ಡಾಲರ್ ಬೆಲೆಯ ಇಂತಹ ಒಂದು ಪ್ರತಿ ಆಕಸ್ಮಿಕವಾಗಿ ನೆಲಕ್ಕುರುಳಿ ನುಚ್ಚುನೂರಾಯಿತು. ಸ್ಥಳದಲ್ಲಿದ್ದ ಸಂಗ್ರಾಹಕರೊಬ್ಬರು ಆ ಚೂರುಗಳನ್ನೇ ಕೊಳ್ಳಲು ಮುಂದಾದರು. ಇನ್ನು ಉಳಿದಿರುವುದು 798 ಮಾತ್ರ, ಆದುದರಿಂದ ಅವುಗಳ ಬೆಲೆ ಏರುತ್ತದೆ ಎಂಬ ಮಾತೂ ಮಾರಾಟಗಾರರ ಕಡೆಯಿಂದಲೇ ಬಂದಿತು.

ಈ ಮಾತು ತಮಾಷೆಯಾಗಿ ಕಂಡರೂ ಶ್ರಾವಕನು ನಿಂತು ಯೋಚಿಸಬೇಕಾದುದು ಇಲ್ಲಿಯೇ. ಎಲ್ಲಿಯೋ ಒಂದು ಬೊಂಬೆ ಒಡೆಯಿತು. ಉಳಿದ 798 ಮಂದಿ ಒಡೆಯರು ಕೈಯಾಡಿಸದೆ, ಎದ್ದು ಕೂಡ ನಿಲ್ಲದೆ ಸಿರಿವಂತರಾದರು. ಅವರು ಮಾಡಿದ ತಪ್ಪೇನು? ಏನೂ ಇಲ್ಲ. ಆದರೆ ಜೈನಾಚಾರ್ಯರು ಕರ್ಮಬಂಧವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಲೆಕ್ಕ ಹಾಕುತ್ತಾರೆ. ತಾನು ಮಾಡದೆ, ಮಾಡಿಸದೆ ಇದ್ದರೂ ಒಳಗೊಳಗೆ ಮೆಚ್ಚಿಕೊಂಡವನು ಹೊರಗುಳಿಯುವುದಿಲ್ಲ. ರೌದ್ರಧ್ಯಾನದ ನಾಲ್ಕು ಭೇದಗಳಲ್ಲಿ, ಕೂಡಿಟ್ಟುದನ್ನು ಕಾಯುವುದರಲ್ಲೇ ಸುಖಿಸುವ ವಿಷಯಸಂರಕ್ಷಣಾನಂದವೂ ಒಂದು. ಪರರ ನಷ್ಟದ ಸುದ್ದಿಗಾಗಿ ಕಿವಿ ನಿಮಿರುವಂತೆ ಮಾಡುವ ವಸ್ತುವನ್ನು ಮನೆಯಲ್ಲಿಡುವುದೆಂದರೆ ಆ ಧ್ಯಾನಕ್ಕೆ ಪೀಠ ಹಾಕಿಕೊಟ್ಟಂತೆ.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ನಿಂತವನಿಗೆ ಇದರ ವಿಪರೀತ ಎಷ್ಟೆಂಬುದು ತಿಳಿಯುತ್ತದೆ. ತಂದೆ ಗಂಗರಾಜನ ನೆನಪಿಗೆ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಕನ್ನಡಿಯಂತೆ ಹೊಳೆಯುವ ಅದರ ಕಂಬಗಳನ್ನು ಕಾಣಲು ಇಂದಿಗೂ ಜನ ಬರುತ್ತಾರೆ. ದ್ವಾರಸಮುದ್ರವು 14ನೆಯ ಶತಮಾನದಲ್ಲಿ ದಾಳಿಗಳಿಗೆ ಸಿಕ್ಕಿ ಹಾಳಾಯಿತು. ಒಡೆದ ಶಿಲ್ಪಗಳಿಂದ ಉಳಿದವುಗಳ ಭಾಗ್ಯ ಹೆಚ್ಚಿತೆಂದು, ಶಿಲ್ಪಚೋರರನ್ನು ಬಿಟ್ಟರೆ, ಯಾರೂ ಎಣಿಸುವುದಿಲ್ಲ. ಅಲ್ಲಿ ಒಂದು ಮುರಿದರೆ ಎಲ್ಲರಿಗೂ ಕಡಿಮೆಯೇ.

ಹಾಗಾದರೆ ಅಪೂರ್ವವಾದುದೆಲ್ಲವೂ ದೋಷವೇ? ಅಲ್ಲ. ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ಒಬ್ಬಳಂತೆ ಇನ್ನೊಬ್ಬಳಿಲ್ಲ. ಅಲ್ಲಿನ ಶಿಲ್ಪಿಗಳು ತಮ್ಮ ಹೆಸರು, ಬಿರುದುಗಳನ್ನು ಧೈರ್ಯವಾಗಿ ಕಲ್ಲಿನಲ್ಲಿ ಕೊರೆದಿದ್ದಾರೆ. ಆದರೆ ಆ ವಿರಳತೆ ಬಂದುದು ಕೈಯಿಂದ. ಒಂದು ಕೈ ಒಂದು ಆಯುಷ್ಯದಲ್ಲಿ ಮಾಡಬಹುದಾದುದು ಅಷ್ಟೇ. ಪಿಂಗಾಣಿಯ ಮಾತು ಬೇರೆ. ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣಿಗೆ ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿ ಬೆರೆಸಿ, ನೀರಾಗಿ ಕಲಸಿ, ಪ್ಲಾಸ್ಟರಿನ ಅಚ್ಚಿಗೆ ಹೊಯ್ದು, 1300 ಡಿಗ್ರಿ ಸೆಲ್ಸಿಯಸ್ ಮೀರಿದ ಉರಿಯಲ್ಲಿ ಸುಡುತ್ತಾರೆ. ಅಚ್ಚು ಸವೆಯುತ್ತದೆ ನಿಜ. ಸವೆದರೆ ಮೂಲದಿಂದ ಇನ್ನೊಂದನ್ನು ತೆಗೆಯಬಹುದು. ಎಂಟುನೂರನೆಯ ನಾಯಿಯನ್ನು ತಡೆದುದು ಮಣ್ಣೂ ಅಲ್ಲ, ಬೆಂಕಿಯೂ ಅಲ್ಲ, ಒಂದು ಒಪ್ಪಂದ. ಕಲಾವಿದನು ತನ್ನ ಹೆಸರಿನ ಕೃತಿ ಬೀದಿಪಾಲಾಗದಿರಲೆಂದು ಹಾಗೆ ಮಾಡುವುದರಲ್ಲಿ ಅನ್ಯಾಯವಿಲ್ಲ. ಕೊಳ್ಳುವವನ ಮನಸ್ಸು ಮಾತ್ರ ಬೇರೆ ಪರೀಕ್ಷೆಗೆ ಒಳಪಡುತ್ತದೆ.

ಗೃಹಸ್ಥನ ಐದನೆಯ ಅಣುವ್ರತದ ಹೆಸರು ಪರಿಗ್ರಹಪರಿಮಾಣ. ಅದೂ ಒಂದು ಮಿತಿಯೇ, ಅದೂ ಸಂಖ್ಯೆಯಲ್ಲಿಯೇ: ಹೊಲ ಇಷ್ಟು, ಮನೆ ಇಷ್ಟು, ಬೆಳ್ಳಿ ಬಂಗಾರ ಇಷ್ಟು. ವ್ರತವು ಮಿತಿಯನ್ನು ಒಡೆಯನ ಮೇಲೆ ಇಡುತ್ತದೆ, ಆಸೆ ಕುಗ್ಗಲೆಂದು. ಪೇಟೆಯು ಅದೇ ಮಿತಿಯನ್ನು ವಸ್ತುವಿನ ಮೇಲೆ ಇಡುತ್ತದೆ, ಆಸೆ ಹಿಗ್ಗಲೆಂದು. ಉಮಾಸ್ವಾಮಿಯು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಅದರ ಮೇಲಿನ ಮೂರ್ಛೆಯಲ್ಲಿ ಕಂಡುದು ಇಲ್ಲಿ ನೆನಪಾಗಬೇಕು. 42,000 ಡಾಲರಿನ ಬೊಂಬೆಯನ್ನು ನಿರ್ಮೋಹದಿಂದ ಇಟ್ಟುಕೊಂಡವನಿರಬಹುದು. ಅಂಥವನು ಅದರ ಅಡಿಯ ಕ್ರಮಸಂಖ್ಯೆಯನ್ನು ತಿರುಗಿಸಿ ನೋಡುವುದು ಅಪರೂಪ.

ಹೊಯ್ಸಳರಿಗಿಂತ ಮೊದಲೇ, 10ನೆಯ ಶತಮಾನದಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೃತಿ ಅಪರೂಪವಾಗಿಯೇ ಉಳಿಯಲೆಂದು ಅವಳು ಬಯಸಿದ್ದರೆ ಒಂದೇ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಸಾಕಾಗಿತ್ತು.

ಬಸದಿಗಳ ಜೀರ್ಣೋದ್ಧಾರಕ್ಕೆ ಹಣ ಕೂಡಿಸುವ ಟ್ರಸ್ಟುಗಳಿಗೂ ಇದು ದೂರದ ಮಾತಲ್ಲ. ಪಿಂಗಾಣಿಯಲ್ಲಿಯೋ ಬೆಳ್ಳಿಯಲ್ಲಿಯೋ ಬಾಹುಬಲಿಯ ಕಿರುಪ್ರತಿಮೆ ಮಾಡಿಸಿ, ನೂರೇ ನೂರು ಎಂದು ಸಾರಿ, ಒಂದನೆಯ ಸಂಖ್ಯೆಯದನ್ನು ಹೆಚ್ಚಿನ ದಾನಿಗೆ ಮೀಸಲಿಡುವ ಸಲಹೆ ಯಾವ ಸಭೆಯಲ್ಲಾದರೂ ಬಂದೀತು. ಹಣ ಬೇಗ ಬರುವುದೂ ದಿಟ. ಆದರೆ ಸರ್ವವನ್ನೂ ತೊರೆದು ನಿಂತವನ ಪ್ರತಿಮೆಯ ಅಡಿಯಲ್ಲಿ ಒಡೆತನದ ಸಂಖ್ಯೆಯನ್ನು ಕೊರೆಯುವುದು ಒಪ್ಪತಕ್ಕದ್ದಲ್ಲ. ಸಂಖ್ಯೆ ಬೇಕಿದ್ದರೆ ರಸೀತಿಯ ಮೇಲೆ ಇರಲಿ. ಅಚ್ಚನ್ನು ಒಡೆದು ಹಾಕುವೆವೆಂಬ ವಚನವನ್ನಂತೂ ಯಾವ ದಾನಿಗೂ ಕೊಡಬಾರದು. ಮುಂದಿನ ವರ್ಷ ಬರುವ ಬಡ ಶ್ರಾವಕನೊಬ್ಬನು ತನ್ನ ಮನೆಗೂ ಒಂದು ಬೇಕೆಂದು ಕೇಳಿಯಾನು.