ಹೊಡೆದ ಕೈಗೂ ಆರೈಕೆ ಬೇಕೇ?

ಪರಸ್ಪರ ಒಪ್ಪಿ ನೋವನ್ನೋ ಅಧೀನತೆಯನ್ನೋ ಆಟವಾಗಿ ಆಡುವವರ ಲೋಕಕ್ಕೆ ಕಿಂಕ್ ಎಂಬ ಹೆಸರಿದೆ. ಅಲ್ಲಿ ಆಟ ಮುಗಿದ ಮೇಲಿನ ಉಪಚಾರವನ್ನು ಆಫ್ಟರ್‌ಕೇರ್ ಎನ್ನುತ್ತಾರೆ. ಕಟ್ಟಿದ ಹಗ್ಗ ಬಿಚ್ಚುವುದು, ಹೊದಿಕೆ ಹೊದಿಸುವುದು, ನೀರು ಕುಡಿಸುವುದು, ಮಾತಿಲ್ಲದೆ ಪಕ್ಕದಲ್ಲಿ ಕೂರುವುದು. ಮಾಡಬೇಕಾದವರು ಡಾಮಿನಂಟ್, ಅಂದರೆ ಆಳುವ ಪಾತ್ರದವರು, ಮಾಡಿಸಿಕೊಳ್ಳಬೇಕಾದವರು ಸಬ್ಮಿಸಿವ್, ಅಂದರೆ ಅಧೀನರಾಗುವ ಪಾತ್ರದವರು. ಈ ಹಂಚಿಕೆ ಎಷ್ಟು ರೂಢಿಯಾಗಿದೆಯೆಂದರೆ, ಮರುದಿನ ಆಳಿದವರೇ ಮಂಕು ಬಡಿದು ಕೂತರೆ ಏನು ಮಾಡಬೇಕೆಂದು ಇಬ್ಬರಿಗೂ ತೋಚುವುದಿಲ್ಲ. ಆ ವಲಯದಲ್ಲಿ ಇದಕ್ಕೆ ‘ಟಾಪ್ ಡ್ರಾಪ್’ ಎಂದು ಹೆಸರು. ಸುಸ್ತು, ಖಾಲಿತನ, ಕಾರಣ ತಿಳಿಯದ ಅಳು. ಎಲ್ಲಕ್ಕಿಂತ ಮಿಗಿಲಾಗಿ, ‘ಇದನ್ನೆಲ್ಲ ಇಷ್ಟಪಟ್ಟ ನಾನು ಎಂಥವನು?’ ಎಂಬ ಕೊರೆತ.

ಸಾಮಾನ್ಯವಾಗಿ ಕೊಡುವ ವಿವರಣೆ ದೇಹಕ್ಕೆ ಸಂಬಂಧಿಸಿದ್ದು. ಅಡ್ರಿನಲಿನ್ ಏರಿತ್ತು, ಈಗ ಇಳಿದಿದೆ. ಏನಾದರೂ ತಿಂದು ಮಲಗಿ, ಸರಿಹೋಗುತ್ತದೆ. ಇದರಲ್ಲಿ ನಿಜವೂ ಇರಬಹುದು. ಆದರೆ ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಬ್ರಾಡ್ ಸಗಾರಿನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿದ್ದು ಆಟಕ್ಕೆ ಒಳಗಾದವರಲ್ಲಿ; ಆಡಿಸಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಒಂದೇ ಅಧ್ಯಯನದ ಮೇಲೆ ಹೆಚ್ಚು ಭಾರ ಹೊರಿಸಬಾರದು, ಅದು ನೋಡಿದ್ದೂ ಆಟದ ಆಸುಪಾಸಿನ ಹೊತ್ತನ್ನು ಮಾತ್ರ. ಆದರೂ ಆಳಿದವರ ಕುಸಿತವನ್ನು ಪೂರ್ತಿ ರಕ್ತದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗುವುದಿಲ್ಲ. ಆ ಕೊರೆತ ಒಂದು ಪ್ರಶ್ನೆಯ ರೂಪದಲ್ಲಿ ಬರುತ್ತದೆ. ಪ್ರಶ್ನೆಗೆ ನಿದ್ದೆ ಉತ್ತರವಾಗಲಾರದು.

ಒಪ್ಪಿಗೆ ಇತ್ತಲ್ಲ, ಮತ್ತೇಕೆ ಕೊರಗು ಎನ್ನುವವರಿದ್ದಾರೆ. ‘ಸುರಕ್ಷಿತ, ವಿವೇಕಯುತ, ಸಮ್ಮತ’ ಎಂಬ ಸೂತ್ರವನ್ನು 1980ರ ದಶಕದಲ್ಲಿ ನ್ಯೂಯಾರ್ಕಿನ ಗೇ ಸಂಘಟನೆಯೊಂದು ಚಲಾವಣೆಗೆ ತಂದ ಮೇಲೆ ಒಪ್ಪಿಗೆಯೇ ಈ ಲೋಕದ ಮೂಲಮಂತ್ರ. ಕೋರ್ಟುಗಳು ಇದನ್ನು ಸುಲಭಕ್ಕೆ ಒಪ್ಪಿಲ್ಲ: 1993ರ ಬ್ರೌನ್ ಪ್ರಕರಣದಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ದೇಹಕ್ಕೆ ಗಾಯವಾಗುವಲ್ಲಿ ಒಪ್ಪಿಗೆಯ ಸಬೂಬು ನಡೆಯದು ಎಂದಿತು. ಐವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ನಾನು ಆ ಇಬ್ಬರ ಕಡೆ. ಆದರೆ ಮರುದಿನದ ಕೊರಗು ಕೋರ್ಟಿನ ಪ್ರಶ್ನೆಯಲ್ಲ. ಒಪ್ಪಿಗೆ ಉತ್ತರಿಸುವುದು ‘ನಾನು ಅವಳಿಗೆ ಅನ್ಯಾಯ ಮಾಡಿದೆನೇ?’ ಎಂಬುದಕ್ಕೆ. ‘ಇದನ್ನು ಮಾಡಿದ ನಾನು ಯಾರು?’ ಎಂಬುದು ಅದರ ವ್ಯಾಪ್ತಿಗೆ ಬರುವುದೇ ಇಲ್ಲ.

ಅದೆಲ್ಲ ವೇಷವಷ್ಟೆ ಎಂಬ ಸಮಾಧಾನವೂ ಪೂರ್ತಿ ಹೊಂದುವುದಿಲ್ಲ. ಯಕ್ಷಗಾನದ ಕೀಚಕ ಬೆಳಗಿನ ಜಾವ ಚೌಕಿಗೆ ಬಂದು ಬಣ್ಣ ತೆಗೆದರೆ ಮುಗಿಯಿತು, ರಂಗದ ಮೇಲೆ ಅವನು ಯಾರನ್ನೂ ನೋಯಿಸಿಲ್ಲ. ಇಲ್ಲಿ ಪಾತ್ರ ಕಲ್ಪಿತವಾದರೂ ಏಟು ಕಲ್ಪಿತವಲ್ಲ.

ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1976ರಲ್ಲಿ ಒಬ್ಬ ಲಾರಿ ಚಾಲಕನ ಉದಾಹರಣೆ ಕೊಟ್ಟ. ಚಾಲಕನದು ಕಿಂಚಿತ್ತೂ ತಪ್ಪಿಲ್ಲ, ಆದರೂ ಲಾರಿಗೆ ಸಿಕ್ಕಿ ಮಗು ಸಾಯುತ್ತದೆ. ನೋಡುತ್ತ ನಿಂತವರ ದುಃಖವೇ ಬೇರೆ, ಚಾಲಕನ ದುಃಖವೇ ಬೇರೆ. ನಿನ್ನದೇನೂ ತಪ್ಪಿಲ್ಲ ಎಂದೊಡನೆ ಅವನು ಹಗುರಾಗಿಬಿಟ್ಟರೆ ನಮಗೇ ಇರಿಸುಮುರಿಸಾಗುತ್ತದೆ. ಮಾಡಿದವನಿಗೂ ಮಾಡಿದ್ದಕ್ಕೂ ಇರುವ ನಂಟು ತಪ್ಪು–ಒಪ್ಪುಗಳ ಲೆಕ್ಕ ಚುಕ್ತಾ ಆದ ಮೇಲೂ ಉಳಿಯುತ್ತದೆ. ಆಳಿದವರ ಸಂಕಟವೂ ಈ ಜಾತಿಯದೇ, ಒಂದು ವ್ಯತ್ಯಾಸದೊಂದಿಗೆ: ಚಾಲಕ ಅದನ್ನು ಬಯಸಿರಲಿಲ್ಲ, ಇವರು ಬಯಸಿದ್ದರು. ಗಂಡಸಾಗಿದ್ದರೆ ‘ಹೆಣ್ಣಿನ ಮೇಲೆ ಕೈಯೆತ್ತುವವನು ಗಂಡಸೇ?’ ಎಂದು ಕೇಳಿ ಬೆಳೆದವನು. ಹೆಂಗಸಾಗಿದ್ದರೆ ನೋವು ನುಂಗುವುದೇ ಹೆಣ್ತನವೆಂದು ಕೇಳಿ ಬೆಳೆದವಳು. ಆಟದ ಬಿಸಿಯಲ್ಲಿ ಸುಮ್ಮನಿದ್ದ ಆ ದನಿಗಳು ಆಮೇಲೆ ಒಂದೊಂದಾಗಿ ಬಾಯಿಬಿಡುತ್ತವೆ.

‘ಇದನ್ನು ಮಾಡಿದ ನಾನು ಯಾರು?’ ಎಂಬ ಪ್ರಶ್ನೆಗೆ ಒಬ್ಬರೇ ಕೂತು ಉತ್ತರ ಕಂಡುಕೊಳ್ಳಲಾಗದು ಎಂಬುದು ನನ್ನ ವಾದ. ಯಜಮಾನ ಮತ್ತು ದಾಸನ ಬಗ್ಗೆ ಜರ್ಮನ್ ತತ್ತ್ವಜ್ಞಾನಿ ಹೆಗೆಲ್ 1807ರಲ್ಲಿ ಬರೆದದ್ದು ಇಲ್ಲಿ ನೆರವಿಗೆ ಬರುತ್ತದೆ: ಯಜಮಾನನಿಗೆ ಮನ್ನಣೆ ಸಿಗುವುದು ದಾಸನಿಂದ, ದಾಸನಿಗೆ ಸ್ವಾತಂತ್ರ್ಯವಿಲ್ಲವಾದ್ದರಿಂದ ಆ ಮನ್ನಣೆಗೆ ಬೆಲೆಯಿಲ್ಲ. ಕಿಂಕ್‌ನಲ್ಲಿ ಮಂಡಿಯೂರಿದವರು ಉದ್ದಕ್ಕೂ ಸ್ವತಂತ್ರರೇ. ಸೇಫ್‌ವರ್ಡ್ ಎಂಬ ಒಂದು ಮಾತಿಗೆ ಎಲ್ಲವೂ ನಿಲ್ಲಬೇಕು. ಆದರೆ ಆಟದೊಳಗೆ ಅವರು ಆಡುವ ‘ಹೌದು’ ಪಾತ್ರದ ಬಾಯಿಂದ ಬಂದದ್ದು. ಎದ್ದು ಕೂತು, ತಮ್ಮದೇ ದನಿಯಲ್ಲಿ, ‘ನನಗೆ ಬೇಕಿತ್ತು, ನಿಲ್ಲಿಸಬೇಕಾದ ಕಡೆ ನೀನು ನಿಲ್ಲಿಸಿದೆ’ ಎಂದಾಗಲೇ ಸರೀಕರೊಬ್ಬರ ಸಾಕ್ಷ್ಯ ಸಿಕ್ಕಂತೆ. ಆಳಿದವರಿಗೆ ಹೊದಿಕೆಗಿಂತ ಹೆಚ್ಚಾಗಿ ಬೇಕಾದದ್ದು ಈ ಸಾಕ್ಷ್ಯ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ರಾತ್ರಿ ಹೆಂಡತಿಯನ್ನು ಹೊಡೆದು ಬೆಳಿಗ್ಗೆ ಅವಳ ಮುಂದೆ ಗೊಳೋ ಎಂದು ಅಳುವ ಗಂಡ ನಮ್ಮ ಕೇರಿಗಳಲ್ಲಿ ಅಪರೂಪವಲ್ಲ. ಮೈಯ ಬಾಸುಂಡೆ ಆರುವ ಮೊದಲೇ ಅವನನ್ನು ಅವಳೇ ಸಂತೈಸಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ವಿವರಿಸಿದ ಹಿಂಸೆಯ ಚಕ್ರದಲ್ಲಿ ಈ ಪಶ್ಚಾತ್ತಾಪ ಒಂದು ಹಂತ, ಮುಂದಿನ ಏಟಿಗೆ ದಾರಿ ಮಾಡಿಕೊಡುವ ಹಂತ. ಹೊಡೆದವರಿಗೆ ಹೊಡೆಸಿಕೊಂಡವರಿಂದ ಆರೈಕೆ ಎಂದರೆ ಇದೇ ತಾನೆ?

ಹೊರಗಿನಿಂದ ನೋಡಿದರೆ ಎರಡೂ ಒಂದೇ ಎಂದು ಒಪ್ಪುತ್ತೇನೆ. ವ್ಯತ್ಯಾಸವಿರುವುದು ಇನ್ನೊಬ್ಬರು ಏನು ಹೇಳಬಲ್ಲರು ಎಂಬುದರಲ್ಲಿ. ಆ ಗಂಡನಿಗೆ ಬೇಕಾದದ್ದು ಕ್ಷಮೆ, ಅದನ್ನು ನಿರಾಕರಿಸುವ ಧೈರ್ಯ ಹೆಂಡತಿಗೆ ಇರುವುದಿಲ್ಲ. ಇಲ್ಲಿ ಕೇಳುತ್ತಿರುವುದು ಸಾಕ್ಷ್ಯ, ಮತ್ತು ಸಾಕ್ಷಿ ‘ಅದೊಂದು ಹೆಚ್ಚಾಯಿತು, ನನಗೆ ಹಿಡಿಸಲಿಲ್ಲ’ ಎಂದೂ ಹೇಳಬಹುದು. ಕೆಲವೊಮ್ಮೆ ಕೊರಗು ಸರಿಯಾಗಿಯೇ ಇರುತ್ತದೆ, ಆಟ ಗೆರೆ ದಾಟಿರುತ್ತದೆ. ಡಾಮಿನಂಟ್‌ನ ಕಣ್ಣೀರು ಆ ಮಾತನ್ನು ಗಂಟಲಲ್ಲೇ ತಡೆದರೆ ಅದಕ್ಕೆ ಆಫ್ಟರ್‌ಕೇರ್ ಎಂಬ ಹೆಸರು ಸಲ್ಲದು. ಹಾಗಾಗಿ ಮೊದಲ ಹೊತ್ತು ಸಬ್ಮಿಸಿವ್‌ಗೇ ಮೀಸಲು. ಆಳಿದವರ ಸರದಿ ಮರುದಿನವೋ ಮೂರನೆಯ ದಿನವೋ. ಆಗಲೂ ಭಾರವೆಲ್ಲ ಒಬ್ಬರ ಹೆಗಲಿಗೇ ಬೀಳಬೇಕಿಲ್ಲ, ಇದೇ ದಾರಿಯಲ್ಲಿ ನಡೆದ ಗೆಳೆಯರು ಅರ್ಧ ಹೊರಬಹುದು.

ಮತ್ತು ಈ ಆರೈಕೆಯನ್ನು ಕೇಳಿಕೊಳ್ಳುವ ಹೊತ್ತು ಆಟಕ್ಕೆ ಮುಂಚಿನದು. ಎಲ್ಲಿಯವರೆಗೆ, ಯಾವುದು ಬೇಡ, ಸೇಫ್‌ವರ್ಡ್ ಯಾವುದು ಎಂದು ಮಾತಾಡಿಕೊಳ್ಳುವಾಗಲೇ, ‘ಎರಡು ದಿನ ಬಿಟ್ಟು ನನಗೊಂದು ಫೋನ್ ಮಾಡಬೇಕಾಗಬಹುದು, ಆಗುತ್ತದೆಯೇ?’ ಎಂದು ಡಾಮಿನಂಟ್ ಕೇಳಿಬಿಡಬೇಕು. ಕುಸಿದ ಮೇಲೆ ಕೇಳಿದರೆ ಎದುರಿನವರಿಗೆ ಇಲ್ಲವೆನ್ನುವುದು ಕಷ್ಟ. ಮೊದಲೇ ಕೇಳಿದರೆ ಆಗುವುದಿಲ್ಲ ಎನ್ನಬಹುದು, ಆಗ ಬೇರೊಬ್ಬರನ್ನು ಹುಡುಕಿಕೊಳ್ಳಲು ಸಮಯವಿರುತ್ತದೆ.