ಬೆಕ್ಕು, ಹುಲಿ ಮತ್ತು ಕೆಟಿ

ಬೆಕ್ಕು ಹುಲಿಗೆ ಎಲ್ಲ ವಿದ್ಯೆ ಕಲಿಸಿ, ಮರ ಹತ್ತೋದನ್ನು ಮಾತ್ರ ತನ್ನ ಹತ್ತಿರವೇ ಉಳಿಸಿಕೊಂಡ ಕಥೆಯನ್ನು ನೀವೆಲ್ಲ ಕೇಳಿರುತ್ತೀರಿ. ಪಾಠ ಮುಗಿದ ದಿನವೇ ಹುಲಿ ಗುರುವಿನ ಮೇಲೆ ಎರಗಿತು. ಬೆಕ್ಕು ಸರ್ರನೆ ಮರ ಹತ್ತಿ ಬದುಕಿಕೊಂಡಿತು. ಆಫೀಸಿನಲ್ಲಿ ಮ್ಯಾನೇಜರ್ ಬಂದು ‘ಆ ಹೊಸ ಹುಡುಗನಿಗೆ ಸ್ವಲ್ಪ ಕೆಟಿ ಕೊಟ್ಟುಬಿಡಿ’ ಅಂದಾಗ ನಮ್ಮಲ್ಲಿ ಬಹಳ ಜನರ ತಲೆಯಲ್ಲಿ ಓಡೋದು ಇದೇ ಕಥೆ. ಮುಕ್ಕಾಲು ಪಾಲು ಹೇಳಿಕೊಡೋಣ, ಕೊನೆಯ ಕಾಲು ಪಾಲು ನನ್ನ ಹತ್ತಿರವೇ ಇರಲಿ. ರಾತ್ರಿ ಎರಡು ಗಂಟೆಗೆ ಸರ್ವರ್ ಕೈಕೊಟ್ಟರೆ ಫೋನ್ ನನಗೇ ಬರಲಿ. ಆಗ ತಾನೇ ನನಗೆ ಬೆಲೆ?

ಹೀಗೆ ಯೋಚಿಸೋರನ್ನು ಸಣ್ಣ ಮನಸ್ಸಿನವರು ಅಂತ ತಳ್ಳಿಹಾಕೋದು ಸುಲಭ. ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತೆ ಅಂತ ನಮ್ಮ ಮೇಷ್ಟ್ರುಗಳು ಹೇಳಿಕೊಟ್ಟಿದ್ದಾರೆ. ಆದರೆ ಅದು ಅರ್ಧ ಸತ್ಯ. ಕೊಟ್ಟರೆ ವಿದ್ಯೆ ಕಡಿಮೆಯಾಗಲ್ಲ, ನಿಜ. ವಿದ್ಯೆಯ ಬೆಲೆ ಕಡಿಮೆಯಾಗಬಹುದು. ಒಂದು ಕೆಲಸ ಒಬ್ಬರಿಗೆ ಮಾತ್ರ ಗೊತ್ತಿದ್ದಾಗ ಸಿಗುವ ಸಂಬಳ, ಹತ್ತು ಜನಕ್ಕೆ ಗೊತ್ತಾದ ಮೇಲೆ ಸಿಗಬೇಕು ಅಂತೇನಿಲ್ಲ. ಮೇಷ್ಟ್ರ ಕೆಲಸವೇ ಕಲಿಸೋದು, ಅದಕ್ಕೇ ಅವರಿಗೆ ಸಂಬಳ. ನಮಗೆ ಸಂಬಳ ಬರೋದು ಬೇರೆ ಕೆಲಸಕ್ಕೆ. ಹಾಗಾದರೆ ಪಕ್ಕದ ಕುರ್ಚಿಯವನಿಗೆ ಕಲಿಸೋದು ನಮ್ಮ ಕರ್ತವ್ಯವೋ, ಉಪಕಾರವೋ, ಇಲ್ಲಾ ಪುಕ್ಕಟೆ ದುಡಿಮೆಯೋ?

ಉತ್ತರ ಹುಡುಕೋಕೆ ಸಿಲಿಕಾನ್ ವ್ಯಾಲಿಗೆ ಹೋಗಬಹುದು. ಗೂಗಲ್ ಕಂಪನಿಯಲ್ಲಿ ‘ಗೂಗ್ಲರ್ ಟು ಗೂಗ್ಲರ್’ ಅನ್ನುವ ವ್ಯವಸ್ಥೆಯೇ ಇದೆ, ಉದ್ಯೋಗಿಗಳೇ ಸ್ವಇಚ್ಛೆಯಿಂದ ಸಹೋದ್ಯೋಗಿಗಳಿಗೆ ಪಾಠ ಮಾಡುತ್ತಾರೆ. ನನಗೆ ಮಾತ್ರ ಬೆಂಗಳೂರಿನಿಂದ ಉತ್ತರಕ್ಕೆ ಹೋಗಿ ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳನ್ನು ನೋಡೋದೇ ಮೇಲು ಅನಿಸುತ್ತೆ.

ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಎಂಟು-ಹತ್ತು ಗೂಡುಗಳ ಎಳೆ ಸೇರಿಸಿದರೆ ಒಂದು ನೂಲು. ಹೇಳೋಕೆ ಇಷ್ಟೇ. ಆದರೆ ಗೂಡಿನ ಎಳೆ ಹೊರಗೆ ದಪ್ಪ, ಒಳಗೆ ಹೋಗ್ತಾ ಹೋಗ್ತಾ ಸಣ್ಣ. ಒಂದು ಗೂಡು ಮುಗಿಯಿತು ಅಂತ ಕಂಡ ತಕ್ಷಣ ಹೊಸ ಗೂಡಿನ ತುದಿ ಸೇರಿಸದಿದ್ದರೆ ನೂಲು ಅಲ್ಲಿ ತೆಳುವಾಗುತ್ತೆ, ಮುಂದೆ ಮಗ್ಗದಲ್ಲಿ ಕಡಿಯುತ್ತೆ. ಎಷ್ಟು ಬೇಯಿಸಬೇಕು, ಯಾವಾಗ ಸೇರಿಸಬೇಕು ಅನ್ನೋದನ್ನು ಪುಸ್ತಕದಲ್ಲಿ ಬರೆಯಬಹುದು. ಬೆರಳಿಗೆ ಅದು ಬರೋದು ಮಾತ್ರ ಪಕ್ಕದಲ್ಲಿ ಕೂತು ನೋಡಿದಾಗಲೇ. ಹಳೆಯ ಚರಕದಲ್ಲಿ ಒಬ್ಬರು ತಿರುಗಿಸೋರು, ಇನ್ನೊಬ್ಬರು ನೀರಿನ ಮುಂದೆ ಕೂತು ಎಳೆ ತೆಗೆಯೋರು. ತಿರುಗಿಸ್ತಾ ನೋಡ್ತಾ ನೋಡ್ತಾ ಕಲಿತವರೇ ಮುಂದೆ ನೀರಿನ ಮುಂದೆ ಕೂರುತ್ತಿದ್ದರು. ನಾವು ಈಗ ‘ಶ್ಯಾಡೋಯಿಂಗ್’ ಅನ್ನೋದು ಇದನ್ನೇ.

ಇದನ್ನು ತೀರಾ ಸುಂದರ ಚಿತ್ರ ಮಾಡಿಕೊಳ್ಳೋದೂ ಬೇಡ. ಈ ಘಟಕಗಳಲ್ಲಿ ಮಕ್ಕಳನ್ನು ದುಡಿಸಿದ ಕಾಲವೂ ಇತ್ತು. ಅಂಥದ್ದಕ್ಕೆ ‘ಕೆಲಸ ಕಲೀತಿದಾನೆ’ ಅನ್ನುವ ಮಾತು ಒಳ್ಳೆಯ ಪರದೆ. ಕಲಿಕೆ ಅನ್ನುವ ಹೆಸರಿನಲ್ಲಿ ದುಡಿಮೆಯ ಲೆಕ್ಕ ತಪ್ಪಿಸೋದು ಹಳೆಯ ಉಪಾಯ. ಅದರ ನಾಜೂಕು ರೂಪ ನಮ್ಮ ಗಾಜಿನ ಕಟ್ಟಡಗಳಲ್ಲೂ ಇದೆ. ಕಲಿಯೋನಿಗೆ ‘ಇದು ನಿನಗೆ ಒಳ್ಳೆ ಎಕ್ಸ್‌ಪೋಷರ್’, ಕಲಿಸೋನಿಗೆ ‘ಇದು ನಿಮ್ಮ ಲೀಡರ್‌ಶಿಪ್‌ಗೆ ಒಳ್ಳೆಯದು’.

ಹಾಗಾಗಿ ನನಗೆ ಅನಿಸೋದು, ಇಲ್ಲಿ ಋಣಗಳು ಎರಡಿವೆ, ನಾವು ಅವನ್ನು ಒಂದೇ ಅಂದುಕೊಳ್ತೀವಿ. ಒಂದು ಸಹೋದ್ಯೋಗಿಯ ಋಣ. ನನಗೆ ಗೊತ್ತಿರುವುದರಲ್ಲಿ ನಾನೇ ಕಂಡುಹಿಡಿದದ್ದು ಎಷ್ಟು? ಮೊದಲ ದಿನ ಲಾಗಿನ್ ತೋರಿಸಿದವರು, ನನ್ನ ಕೋಡ್ ಕೂತು ತಿದ್ದಿದವರು, ‘ಆ ಕ್ಲೈಂಟ್ ಹತ್ತಿರ ಹೀಗೆ ಮಾತಾಡಬೇಡ’ ಅಂತ ಕಿವಿಯಲ್ಲಿ ಹೇಳಿದವರು, ಇವರ್ಯಾರೂ ನನ್ನಿಂದ ಏನೂ ವಾಪಸ್ ಪಡೆದಿಲ್ಲ. ಅವರಲ್ಲಿ ಅರ್ಧ ಜನ ಈಗ ಯಾವ ಕಂಪನಿಯಲ್ಲಿದ್ದಾರೋ ಗೊತ್ತಿಲ್ಲ. ಈ ಸಾಲವನ್ನು ಹಿಂದಕ್ಕೆ ತೀರಿಸೋಕೆ ಆಗಲ್ಲ, ಮುಂದಕ್ಕೇ ತೀರಿಸಬೇಕು.

ಇನ್ನೊಂದು ಕಂಪನಿಯ ಲೆಕ್ಕ. ಇದು ಋಣಕ್ಕಿಂತ ಹೆಚ್ಚಾಗಿ ವ್ಯವಹಾರ. ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಅಣೆಕಟ್ಟಿನ ಸ್ವಯಂಚಾಲಿತ ಗೇಟುಗಳಿಗೆ ಪೇಟೆಂಟ್ ಪಡೆದಿದ್ದರು. 1903ರಲ್ಲಿ ಪುಣೆಯ ಖಡಕವಾಸ್ಲಾದಲ್ಲಿ ಅವನ್ನು ಮೊದಲು ಅಳವಡಿಸಿದರು. ಪೇಟೆಂಟ್ ಅಂದರೆ ಬಚ್ಚಿಡೋದು ಅಂತ ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕಲಿಸುವ ಒಪ್ಪಂದ. ನಿನಗೆ ಗೊತ್ತಿರೋದನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆದುಕೊಡು, ಬದಲಿಗೆ ಇಷ್ಟು ವರ್ಷ (ಈಗಿನ ಕಾನೂನಿನಲ್ಲಿ 20) ಹಕ್ಕು ನಿನ್ನದು ಅಂತ ಸಮಾಜ ಹೇಳುತ್ತೆ. ಆದರೆ ರೀಲರ್‌ನ ಬೆರಳಿಗೆ, ಸಪೋರ್ಟ್ ಇಂಜಿನಿಯರ್‌ನ ಏಳು ವರ್ಷದ ಅನುಭವಕ್ಕೆ ಪೇಟೆಂಟ್ ಇಲ್ಲ. ಬೇರೆ ರಕ್ಷಣೆ ಇಲ್ಲದವರು ಮೌನವನ್ನೇ ರಕ್ಷಣೆ ಮಾಡಿಕೊಂಡರೆ ಅದನ್ನು ಬರೀ ಕೆಟ್ಟತನ ಅನ್ನೋಕಾಗಲ್ಲ. ಕಲಿಸುವ ಗಂಟೆಗಳನ್ನು ಕೆಲಸದ ಗಂಟೆ ಅಂತ ಎಣಿಸೋದು, ಅಪ್ರೈಸಲ್‌ನಲ್ಲಿ ಅದನ್ನು ಬರೆಯೋದು, ಕಲಿಸಿದವನನ್ನೇ ಮೊದಲು ಮನೆಗೆ ಕಳಿಸದಿರೋದು ಕಂಪನಿ ಕೊಡಬೇಕಾದ ಬೆಲೆ.

‘ಸರಿ ಸ್ವಾಮಿ, ಆದರೆ ಹುಡುಗನಿಗೆ ಕಲಿಸಿದರೆ ಲಾಭ ಕಂಪನಿಗೇ ತಾನೇ? ಎರಡು ಲೆಕ್ಕ ಬೇರೆ ಮಾಡೋದು ಹೇಗೆ?’ ಅಂತ ನೀವು ಕೇಳಬಹುದು. ಪೂರ್ತಿ ಬೇರೆ ಮಾಡೋಕಾಗಲ್ಲ, ಒಪ್ಪುತ್ತೇನೆ. ನನ್ನ ಬದಲಿಗೆ ಬಂದವನಿಗೆ ನಾನೇ ಕಲಿಸಬೇಕು ಅಂದಾಗ ಕರುಳು ಚುರುಕ್ ಅನ್ನದೇ ಇರಲ್ಲ. ಆದರೂ ಬಚ್ಚಿಟ್ಟರೆ ಪೆಟ್ಟು ಬೀಳೋದು ಯಾರಿಗೆ ಅಂತ ನೋಡಿ. ಕಂಪನಿಗೆ ಒಂದೆರಡು ತಿಂಗಳು ತಡವಾಗಬಹುದು, ಅಷ್ಟೇ. ಮೀಟಿಂಗಿನಲ್ಲಿ ಎಲ್ಲರೆದುರು ಬೆವರೋದು ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಬಂದು, ಪಿಜಿಯಲ್ಲಿದ್ದುಕೊಂಡು, ಮೊದಲ ಸಂಬಳದಲ್ಲಿ ಎಜುಕೇಶನ್ ಲೋನ್ ಕಟ್ಟುತ್ತಿರುವ ಆ ಹುಡುಗ. ಸಿಟ್ಟು ಮೇಲಿನವರ ಮೇಲೆ, ಏಟು ಕೆಳಗಿನವನಿಗೆ. ಇದು ನ್ಯಾಯವಲ್ಲ. ಲೆಕ್ಕ ಕೇಳಬೇಕಾದವರ ಹತ್ತಿರ ಬಾಯಿಬಿಟ್ಟು ಕೇಳೋಣ. ಅದಕ್ಕೆ ಧೈರ್ಯ ಬೇಕು. ಬಚ್ಚಿಡೋಕೆ ಅದು ಬೇಡ, ಆದ್ದರಿಂದಲೇ ನಾವು ಬಚ್ಚಿಡೋದನ್ನು ಆರಿಸಿಕೊಳ್ತೀವಿ.

ಇನ್ನೊಂದು ಮಾತು. ಬಚ್ಚಿಟ್ಟರೆ ನಿಜಕ್ಕೂ ಉಳೀತೀವಾ? ರೇಷ್ಮೆಗೆ ಈಗ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು ಬಂದಿವೆ. ನೂಲು ತೆಳುವಾದ ಕೂಡಲೇ ಯಂತ್ರವೇ ಗುರುತಿಸಿ ಹೊಸ ಗೂಡು ಸೇರಿಸುತ್ತೆ. ಬೆರಳಿನ ವಿದ್ಯೆಗೆ ಪೋಟಿ ಬಂದದ್ದು ಪಕ್ಕದಲ್ಲಿ ಕೂತು ಕಲಿತವನಿಂದಲ್ಲ. ನಮ್ಮ ಕೋಡಿಗೂ ಇದೇ ಕಥೆ ಶುರುವಾಗಿದೆ. ಪಕ್ಕದವನನ್ನೇ ನೋಡ್ತಾ ಕಾವಲು ಕೂತವರಿಗೆ ಬೇರೆ ಬಾಗಿಲಿಂದ ಬಂದದ್ದು ಕಾಣೋದೇ ಇಲ್ಲ. ಅಂಥದ್ದು ಬಂದಾಗ ನಮ್ಮ ಪರವಾಗಿ ಒಂದು ಮಾತಾಡೋರು, ಇನ್ನೊಂದು ಕಂಪನಿಯಲ್ಲಿ ಕೆಲಸ ಖಾಲಿ ಇದೆ ಅಂತ ಫೋನ್ ಮಾಡೋರು ಸಾಮಾನ್ಯವಾಗಿ ನಮ್ಮಿಂದ ಏನಾದರೂ ಕಲಿತವರೇ.

ಬೆಕ್ಕು ಮಾಡಿದ್ದು ಸರಿ. ಅದರ ಎದುರಿಗಿದ್ದದ್ದು ನಿಜವಾದ ಹುಲಿ. ನಮ್ಮ ಎದುರು ನೋಟ್‌ಬುಕ್ ಹಿಡಿದು ಕೂತಿರೋದು ಬಹಳ ಸಲ ಇನ್ನೊಂದು ಬೆಕ್ಕು. ಅದಕ್ಕೂ ಮರ ಹತ್ತೋದು ಬಂದರೆ ಒಳ್ಳೆಯದಲ್ಲವೇ?