ಒರಳು, ಒನಕೆ ಮತ್ತು ಒಂದು ಗಂಟೆ



ವರ್ಷಾವಾಸದ ದಿನಗಳಿವು. ಮಳೆಗಾಲದಲ್ಲೂ ಭಿಕ್ಖುಗಳು ತಿರುಗಾಡಿ ಎಳೆಹುಲ್ಲು, ಹುಳುಹುಪ್ಪಟೆ ತುಳಿಯುತ್ತಾರೆಂದು ಜನ ಆಕ್ಷೇಪಿಸಿದಾಗ ಬುದ್ಧಗುರು ಮೂರು ತಿಂಗಳು ಒಂದೇ ಕಡೆ ನೆಲೆಸುವ ನಿಯಮ ಮಾಡಿದರೆಂದು ವಿನಯಪಿಟಕ ಹೇಳುತ್ತದೆ. ಧ್ಯಾನಕ್ಕೆ, ಕಲಿಕೆಗೆ ತಡೆಯಿಲ್ಲದ ಕಾಲ ಸಿಕ್ಕಿದ್ದು ಹಾಗೆ. ಇದನ್ನು ನಾವು ಭಿಕ್ಖುಗಳ ಶಿಸ್ತು ಎಂದಷ್ಟೇ ಓದಿಕೊಳ್ಳುತ್ತೇವೆ. ಆ ಮೂರು ತಿಂಗಳು ಅವರಿಗೆ ಅನ್ನ ನೀಡಿದವರು ಯಾರು? ಸಾವತ್ಥಿಯ ಜೇತವನ ಅನಾಥಪಿಂಡಿಕನ ದಾನ. ಸುತ್ತಲ ಮನೆಗಳಲ್ಲಿ ಒಲೆ ಉರಿದದ್ದರಿಂದ ವಿಹಾರದೊಳಗೆ ಮೌನವಿತ್ತು.

ಮೊನ್ನೆ ಹೆಮ್ಮರಗಾಲದಲ್ಲಿ ಕೂಟ ಮುಗಿದ ಮೇಲೆ ತಂಗಿಯೊಬ್ಬಳು ಕೇಳಿದಳು: "ಅಕ್ಕ, ಪಿಯುಸಿಲಿ ಕವಿತೆ ಬರೀತಿದ್ದಿ. ಈಗ ಕುಂತ್ರೆ ಮೊಗ ಅಳ್ತದ, ಕುಕ್ಕರ್ ಕೂಗ್ತದ. ಇದು ನನ್ನ ಸೋಮಾರಿತನವಾ?"

ಐದು ನೀವರಣಗಳಲ್ಲಿ ಥೀನಮಿದ್ಧ, ಅಂದರೆ ಜಡತೆಯೂ ಒಂದು, ನಿಜ. ಆದರೆ ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವವಳಿಗೆ ಆ ಹೆಸರು ಹಚ್ಚುವುದು ಅನ್ಯಾಯ. ಥೇರೀಗಾಥೆಯ ಮುತ್ತಾ ಥೇರಿ ತನ್ನ ಬಿಡುಗಡೆಯನ್ನು ಹೇಳುವಾಗ ಒರಳು, ಒನಕೆಯನ್ನು ಹೆಸರಿಡಿದು ಹೇಳುತ್ತಾಳೆ. (ಗಂಡನನ್ನೂ ಸೇರಿಸುತ್ತಾಳೆ, ಅದಿರಲಿ!) ಅಷ್ಟು ಹಿಂದೆಯೇ ಹೆಣ್ಣೊಬ್ಬಳು ಹಾಡು ಕಟ್ಟಬೇಕಾದರೆ ಕೈಯ ಒನಕೆ ಕೆಳಗಿಡಬೇಕಿತ್ತು.

ಬಾಬಾಸಾಹೇಬರನ್ನೇ ನೋಡಿ. 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಮುಂದಿನ ವರ್ಷಗಳಲ್ಲಿ ಕಾಯಿಲೆ, ಚಳವಳಿ, ಚುನಾವಣೆಗಳ ನಡುವೆಯೇ ‘ಬುದ್ಧ ಮತ್ತು ಅವನ ಧಮ್ಮ’ ಬೆಳೆಯಿತು. ಹಗಲೆಲ್ಲ ಸರ್ಕಾರಿ ಕೆಲಸ ಮಾಡಿ, ಸಂಜೆ ಬಂದು ಅವರ ಬರಹ ಟೈಪ್ ಮಾಡಿಕೊಡುತ್ತಿದ್ದವರು ನಾನಕ್ ಚಂದ್ ರತ್ತು. ಆರೋಗ್ಯ ನೋಡಿಕೊಂಡವರು ವೈದ್ಯೆಯಾಗಿದ್ದ ಮಾಯಿ ಸವಿತಾ. 1956ರ ಡಿಸೆಂಬರ್ 5ರ ರಾತ್ರಿಯೂ ಆ ಗ್ರಂಥದ ಮುನ್ನುಡಿಯ ಹಾಳೆಗಳನ್ನು ಬಾಬಾಸಾಹೇಬರು ಹತ್ತಿರಕ್ಕೆ ತರಿಸಿಕೊಂಡಿದ್ದರು. ಪುಸ್ತಕ ಅಚ್ಚಾಗಿದ್ದು 1957ರಲ್ಲಿ, ಅವರಿಲ್ಲದಾಗ. ಅಂಥ ಮಹಾನುಭಾವರಿಗೂ ಬರೆಯುವ ಹೊತ್ತನ್ನು ಇತರರು ಕಾಯ್ದುಕೊಡಬೇಕಾಯಿತು.

ಇದು ಹವ್ಯಾಸದ ಮಾತು ಅಂದುಕೊಳ್ಳಬೇಡಿ. ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರು ಮಹಾದೇವ ಅವರು ‘ಕುಸುಮಬಾಲೆ’ ಕೊಟ್ಟರು. ನಮ್ಮ ಅವ್ವಂದಿರ ಬಾಯಿಮಾತು ಸಾಹಿತ್ಯವಾಯಿತು. ನಾನು ಎಂ.ಎ. ಓದುವಾಗ ಆ ಪುಟಗಳಲ್ಲಿ ನಮ್ಮ ಕೇರಿಯ ದನಿ ಕೇಳಿ ಮೈ ಜುಂ ಎಂದಿತ್ತು. ಆದರೆ ಒಂದು ಪುಸ್ತಕದಲ್ಲಿ ಎಷ್ಟು ಕೇರಿ ಹಿಡಿಸೀತು? ಒಬ್ಬೊಬ್ಬ ಅಜ್ಜಿ ತೀರಿಕೊಂಡಾಗಲೂ ನಾಟಿಯ ಹಾಡು, ಹಸಿವಿನ ಕತೆ ಅವಳೊಂದಿಗೇ ಮಣ್ಣಾಗುತ್ತಿವೆ. ಅವನ್ನು ಬರೆಯಬಲ್ಲವಳು ಪಾತ್ರೆ ತೊಳೆಯುತ್ತಿದ್ದಾಳೆ.

ಅದಕ್ಕೇ ಅಣ್ಣಂದಿರಲ್ಲಿ, ಅತ್ತೆ ಮಾವಂದಿರಲ್ಲಿ ನನ್ನದೊಂದು ಕೋರಿಕೆ. ದಾನವೆಂದರೆ ಚೀವರ, ಅನ್ನ ಮಾತ್ರವಲ್ಲ. ಈ ಪವಾರಣೆಯವರೆಗೆ ನಿಮ್ಮ ಮನೆಯಲ್ಲಿ ಬರೆಯುವವರಿಗೆ ದಿನಕ್ಕೊಂದು ಗಂಟೆ ಕೊಡಿ. ಆ ಗಂಟೆ ಮಗು ನಿಮ್ಮ ತೊಡೆಯ ಮೇಲಿರಲಿ, ಫೋನು ಇನ್ನೊಂದು ಕೋಣೆಯಲ್ಲಿರಲಿ. ಏನು ಬರೆದೆ ಎಂದು ಕೂಡಲೇ ಕೇಳಬೇಡಿ. ನಮ್ಮ ಮನೆಯಲ್ಲಿ ಬೆಳಗಿನ ಐದರಿಂದ ಆರು ನನ್ನದು. ಕಾಫಿ ನಮ್ಮ ಯಜಮಾನರೇ ಕಾಯಿಸುತ್ತಾರೆ, ಸಕ್ಕರೆ ಸ್ವಲ್ಪ ಜಾಸ್ತಿ. ನನ್ನಜ್ಜಿಯ ಕತೆ ಒಂಬತ್ತನೇ ಪುಟಕ್ಕೆ ಬಂದಿದೆ.

ಭವತು ಸಬ್ಬ ಮಂಗಲಂ. ಜೈ ಭೀಮ್.